ಸಂತೆ, ಜಾತ್ರೆ, ಕಮ್ಮಟ: ವಿಡಿಯೋ ಗೇಮ್ ಮೇಳಗಳ ಚರಿತ್ರೆಯಲ್ಲಿ ಬೆಂಗಳೂರು

ಕನ್ನಡದಲ್ಲಿ ಜನ ಸೇರುವುದಕ್ಕೆ ಒಂದೇ ಹೆಸರಿಲ್ಲ. ಕೊಡುವುದಕ್ಕೆ, ಕೊಳ್ಳುವುದಕ್ಕೆ ಸೇರಿದರೆ ಅದು ಸಂತೆ. ವರ್ಷಕ್ಕೊಮ್ಮೆ ದೇವರ ಹೆಸರಿನಲ್ಲಿ ನೋಡುವುದಕ್ಕೆ, ಸುತ್ತಾಡುವುದಕ್ಕೆ, ಕಳ್ಳೆಪುರಿ ತಿನ್ನುವುದಕ್ಕೆ ಸೇರಿದರೆ ಜಾತ್ರೆ. ಒಂದೇ ಕಸುಬಿನವರು ಕೂತು ಒಬ್ಬರಿಂದೊಬ್ಬರು ಕಲಿಯುವುದಕ್ಕೆ ಸೇರಿದರೆ ಅದನ್ನು ಈಗ ಕಮ್ಮಟ ಎನ್ನುತ್ತೇವೆ. ಹಿಂದೆ ನಾಣ್ಯ ಅಚ್ಚು ಹಾಕುವ ಟಂಕಸಾಲೆಗೆ ಇದ್ದ ಹೆಸರು ಅದು. ಈ ಮೂರಕ್ಕೂ ಸೇರುವ ಜನ ಬೇರೆ, ಸೇರುವ ಕಾರಣ ಬೇರೆ, ಸೇರಿದ ಮೇಲೆ ಉಳಿಯುವ ನೆನಪೂ ಬೇರೆ.

ಕೈಗಾರಿಕಾ ವಸ್ತುಪ್ರದರ್ಶನಗಳ ಚರಿತ್ರೆಯನ್ನು ಸಂಶೋಧನೆಗೆ ಆಯ್ದುಕೊಂಡಿರುವ ನನಗೆ ಈ ವಿಂಗಡಣೆ ತುಂಬ ಸಹಾಯ ಮಾಡಿದೆ. ಅದರಲ್ಲೂ ವಿಡಿಯೋ ಗೇಮ್ ಉದ್ಯಮದ ವಾರ್ಷಿಕ ಮೇಳಗಳನ್ನು ಅರ್ಥ ಮಾಡಿಕೊಳ್ಳುವಾಗ. ಕಳೆದ ನಾಲ್ಕು ದಶಕಗಳಲ್ಲಿ ಇಂಥ ಮೇಳಗಳು ಅಮೆರಿಕ, ಜಪಾನ್, ಜರ್ಮನಿಗಳಲ್ಲಿ ಹುಟ್ಟಿದವು, ಊರು ಬದಲಿಸಿದವು, ಕೆಲವು ಮುಚ್ಚಿಹೋದವು. ಅವುಗಳ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಯಾವ ಯಂತ್ರ ಯಾವ ವರ್ಷ ಬಂತು, ಎಷ್ಟು ಜನ ಸೇರಿದರು ಎಂದು ಬರೆಯುತ್ತಾರೆ. ನನಗೆ ಮುಖ್ಯವೆನಿಸುವ ಪ್ರಶ್ನೆ ಬೇರೆ. ಮಳಿಗೆಯ ಹಿಂದೆ ತನ್ನ ಹೆಸರಿನ ಫಲಕ ಹಾಕಿಕೊಂಡು ನಿಲ್ಲುವ ಹಕ್ಕು ಯಾರಿಗಿದೆ? ಈ ಪ್ರಶ್ನೆ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯಗಳ ಬೆಂಗಳೂರಿಗೆ ನೇರವಾಗಿ ಸಂಬಂಧಿಸಿದ್ದು.

ಗುಡಾರದಿಂದ ಸಭಾಂಗಣಕ್ಕೆ

1990ರ ದಶಕದ ಮೊದಲ ವರ್ಷಗಳವರೆಗೆ ಅಮೆರಿಕದಲ್ಲಿ ವಿಡಿಯೋ ಗೇಮ್‌ಗಳಿಗೆ ತಮ್ಮದೇ ಆದ ದೊಡ್ಡ ಮೇಳವಿರಲಿಲ್ಲ. 1967ರಲ್ಲಿ ನ್ಯೂಯಾರ್ಕ್‌ನಲ್ಲಿ ಆರಂಭವಾದ ಗೃಹೋಪಯೋಗಿ ಎಲೆಕ್ಟ್ರಾನಿಕ್ಸ್ ಪ್ರದರ್ಶನವೇ, ಅಂದರೆ ಸಿಇಎಸ್, ಅವುಗಳಿಗೂ ಆಸರೆ. ಅಲ್ಲಿ ಟಿವಿ, ಟೇಪ್ ರೆಕಾರ್ಡರ್, ಕಾರ್ ಸ್ಟೀರಿಯೋಗಳಿಗೆ ಮುಂದಿನ ಸಾಲು. ಆಟಗಳಿಗೆ ಹಿತ್ತಲು. ಸೆಗಾ ಕಂಪನಿಯ ಅಮೆರಿಕ ಶಾಖೆಯ ಮುಖ್ಯಸ್ಥರಾಗಿದ್ದ ಟಾಮ್ ಕಲಿನ್‌ಸ್ಕೆ ಮುಂದೆ ನೆನಪಿಸಿಕೊಂಡಂತೆ, ಒಂದು ವರ್ಷ ಲಾಸ್ ವೇಗಾಸ್‌ನಲ್ಲಿ ಅವರಿಗೆ ಸಿಕ್ಕ ಜಾಗ ತೀರ ಹಿಂದಿತ್ತು. ಅಶ್ಲೀಲ ಚಿತ್ರಗಳ ಮಾರಾಟಗಾರರನ್ನು ದಾಟಿ ಅಲ್ಲಿಗೆ ಹೋಗಬೇಕಾಗಿತ್ತು. ಜೋರು ಮಳೆ ಬಂದು ಹೊಸ ಜೆನೆಸಿಸ್ ಯಂತ್ರಗಳ ಮೇಲೆ ನೀರು ಸೋರಿತು. ಮುಂದಿನ ಸಲ ಇಲ್ಲಿಗೆ ಬರುವುದಿಲ್ಲ ಎಂದು ಅವರು ನಿರ್ಧರಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಇನ್ನೊಂದು ಒತ್ತಡ ರಾಜಕೀಯದಿಂದ ಬಂತು. 1993ರ ಡಿಸೆಂಬರ್‌ನಲ್ಲಿ ಅಮೆರಿಕದ ಸೆನೆಟ್, ಆಟಗಳಲ್ಲಿನ ಹಿಂಸೆಯ ಬಗ್ಗೆ ವಿಚಾರಣೆ ನಡೆಸಿತು. ‘ಮಾರ್ಟಲ್ ಕಾಂಬ್ಯಾಟ್’, ‘ನೈಟ್ ಟ್ರ್ಯಾಪ್’ ಆಟಗಳ ಹೆಸರು ಅಲ್ಲಿ ಬಂದವು. ಸರ್ಕಾರ ಕಾನೂನು ಮಾಡುವ ಮೊದಲು ನಾವೇ ನಿಯಮ ಮಾಡಿಕೊಳ್ಳುವುದು ಲೇಸು ಎಂದು ಪರಸ್ಪರ ಜಗಳವಾಡುತ್ತಿದ್ದ ಕಂಪನಿಗಳು 1994ರಲ್ಲಿ ಒಂದು ಸಂಘ ಕಟ್ಟಿಕೊಂಡವು. ವಯಸ್ಸಿಗೆ ತಕ್ಕ ಶ್ರೇಣಿ ನೀಡುವ ಮಂಡಳಿಯೂ ಆಗಲೇ ಹುಟ್ಟಿತು. ಸಂಘ ಇದ್ದ ಮೇಲೆ ಅದಕ್ಕೊಂದು ವಾರ್ಷಿಕ ಮೇಳವೂ ಬೇಕಲ್ಲ. 1995ರ ಮೇ 11ರಿಂದ 13ರವರೆಗೆ ಲಾಸ್ ಏಂಜಲೀಸ್‌ನಲ್ಲಿ ಮೊದಲ ಎಲೆಕ್ಟ್ರಾನಿಕ್ ಎಂಟರ್‌ಟೈನ್‌ಮೆಂಟ್ ಎಕ್ಸ್‌ಪೋ ನಡೆಯಿತು. ಲೋಕ ಅದನ್ನು ಇ3 ಎಂದು ಕರೆಯಿತು.

ಆ ಮೊದಲ ವರ್ಷದ ಒಂದು ಘಟನೆ ಇಡೀ ಮೇಳದ ಸ್ವಭಾವವನ್ನೇ ಹೇಳುತ್ತದೆ. ಸೆಗಾ ತನ್ನ ‘ಸ್ಯಾಟರ್ನ್’ ಯಂತ್ರವನ್ನು 399 ಡಾಲರ್‌ಗೆ ಅಂದೇ ಮಾರಾಟಕ್ಕೆ ಬಿಟ್ಟಿದ್ದೇವೆಂದು ಘೋಷಿಸಿತು. ಸ್ವಲ್ಪ ಹೊತ್ತಿನಲ್ಲೇ ಸೋನಿಯ ಸ್ಟೀವ್ ರೇಸ್ ವೇದಿಕೆ ಹತ್ತಿದರು, ‘299’ ಎಂದರು, ಇಳಿದು ಹೋದರು. ‘ಪ್ಲೇಸ್ಟೇಷನ್’ ಬೆಲೆ ಅದು. ಆ ಒಂದು ಅಂಕಿಗೆ ಚಪ್ಪಾಳೆ ತಟ್ಟಿದವರಲ್ಲಿ ಆಟ ಆಡುವ ಮಕ್ಕಳಿರಲಿಲ್ಲ. ಅಂಗಡಿ ಸರಪಳಿಗಳ ಖರೀದಿದಾರರು, ಪತ್ರಕರ್ತರು, ಹೂಡಿಕೆದಾರರು ಇದ್ದರು. ಇ3 ಹುಟ್ಟಿನಿಂದಲೇ ಸಂತೆ. ಅದೂ ಬಾಗಿಲು ಮುಚ್ಚಿದ ಸಗಟು ಸಂತೆ. ಕ್ರಿಸ್ಮಸ್‌ಗೆ ಯಾವ ಅಂಗಡಿ ಎಷ್ಟು ಡಬ್ಬಿ ಕೊಳ್ಳಬೇಕು ಎಂಬುದು ಅಲ್ಲಿ ತೀರ್ಮಾನವಾಗುತ್ತಿತ್ತು.

ಹಾಗಾಗಿ ಡಬ್ಬಿಯ ವ್ಯಾಪಾರ ಇಳಿಯುತ್ತಿದ್ದಂತೆ ಸಂತೆಯ ಅಗತ್ಯವೂ ಇಳಿಯಿತು. ಮಳಿಗೆಗಳ ಖರ್ಚು ವಿಪರೀತವಾಯಿತೆಂದು 2007ರಲ್ಲಿ ಮೇಳವನ್ನು ಆಹ್ವಾನಿತರಿಗಷ್ಟೇ ಸೀಮಿತಗೊಳಿಸಿ ಸಾಂಟಾ ಮೋನಿಕಾಕ್ಕೆ ಒಯ್ದರು. ಕಳೆ ಇಲ್ಲದಾಯಿತೆಂದು ಮತ್ತೆ ದೊಡ್ಡದು ಮಾಡಿದರು. ನಿಂಟೆಂಡೋ 2011ರಲ್ಲಿ ‘ನಿಂಟೆಂಡೋ ಡೈರೆಕ್ಟ್’ ಹೆಸರಿನಲ್ಲಿ ನೇರವಾಗಿ ಅಂತರ್ಜಾಲದಲ್ಲೇ ಘೋಷಣೆಗಳನ್ನು ಮಾಡತೊಡಗಿತು. 2017ರಲ್ಲಿ ಮೊದಲ ಬಾರಿಗೆ ಸಾರ್ವಜನಿಕರಿಗೆ 15,000 ಟಿಕೆಟ್ ಮಾರಿದಾಗ ಸಂತೆ ಜಾತ್ರೆಯಾಗಲು ಹೊರಟಿತ್ತು, ಆದರೆ ತಡವಾಗಿತ್ತು. 2019ರಲ್ಲಿ ಸೋನಿ ಬರಲಿಲ್ಲ. ಮರುವರ್ಷ ಕೊರೊನಾ ಬಂತು. 2023ರ ಡಿಸೆಂಬರ್ 12ರಂದು ಸಂಘವು ಇ3 ಇನ್ನು ಶಾಶ್ವತವಾಗಿ ಇಲ್ಲವೆಂದು ಪ್ರಕಟಿಸಿತು.

ಅದಕ್ಕೆ ಸುಮಾರು ಒಂದು ವಾರ ಮೊದಲಷ್ಟೇ ರಾಕ್‌ಸ್ಟಾರ್ ಕಂಪನಿ ‘ಗ್ರ್ಯಾಂಡ್ ಥೆಫ್ಟ್ ಆಟೋ 6’ರ ಮೊದಲ ಟ್ರೇಲರ್ ಅನ್ನು ಯೂಟ್ಯೂಬ್‌ನಲ್ಲಿ ಬಿಟ್ಟಿತ್ತು. 24 ಗಂಟೆಗಳಲ್ಲಿ 9 ಕೋಟಿಗೂ ಹೆಚ್ಚು ವೀಕ್ಷಣೆ. ಮಳಿಗೆ ಬೇಡ, ವೇದಿಕೆ ಬೇಡ, ಲಾಸ್ ಏಂಜಲೀಸ್ ಬೇಡ. ರಾಕ್‌ಸ್ಟಾರ್‌ನ ಸ್ಟುಡಿಯೋಗಳಲ್ಲೊಂದು ಬೆಂಗಳೂರಿನಲ್ಲಿದೆ ಎಂಬುದನ್ನು ಇಲ್ಲಿ ನೆನಪಿಟ್ಟುಕೊಳ್ಳಿ. ಆ ವಿಷಯಕ್ಕೆ ಮುಂದೆ ಬರುತ್ತೇನೆ.

ಉಳಿದುಕೊಂಡವು

ಇ3 ಸತ್ತಾಗ ಮೇಳಗಳ ಕಾಲವೇ ಮುಗಿಯಿತೆಂದು ಹಲವರು ಬರೆದರು. ಆದರೆ ಸತ್ತದ್ದು ಸಂತೆ ಮಾತ್ರ. ಜಾತ್ರೆ, ಕಮ್ಮಟಗಳು ಗಟ್ಟಿಯಾಗಿಯೇ ಇವೆ.

ಕಮ್ಮಟದ ಕಥೆ ನೋಡಿ. 1988ರ ಏಪ್ರಿಲ್‌ನಲ್ಲಿ ಕ್ರಿಸ್ ಕ್ರಾಫರ್ಡ್ ಎಂಬ ಆಟ ವಿನ್ಯಾಸಕ ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆ ಬಳಿಯ ತನ್ನ ಮನೆಗೆ ಸಹ ಕಸುಬಿನವರನ್ನು ಕರೆದ. ಸುಮಾರು 27 ಮಂದಿ ಬಂದು ಹಜಾರದಲ್ಲಿ ಕೂತು ದಿನವಿಡೀ ಮಾತಾಡಿದರು. ಅದೇ ಮುಂದೆ ಗೇಮ್ ಡೆವಲಪರ್ಸ್ ಕಾನ್ಫರೆನ್ಸ್ ಆಗಿ ಬೆಳೆದು ಈಗ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನಡೆಯುತ್ತದೆ. ಅಲ್ಲಿ ‘ಪೋಸ್ಟ್‌ಮಾರ್ಟಂ’ ಎಂಬ ಪದ್ಧತಿಯಿದೆ. ಆಟ ಬಿಡುಗಡೆಯಾದ ಮೇಲೆ ಅದನ್ನು ಮಾಡಿದವರೇ ವೇದಿಕೆಗೆ ಬಂದು ಎಲ್ಲಿ ಎಡವಿದೆವು, ಯಾವುದು ಕೈಹಿಡಿಯಿತು ಎಂದು ಬಿಚ್ಚಿ ಹೇಳುತ್ತಾರೆ. ಕೇಳುವವರೂ ಕಸುಬಿನವರೇ. ಪುಟ್ಟ ತಂಡಗಳ ಸ್ವತಂತ್ರ ಆಟಗಳಿಗೆ ಅದೇ ಮೇಳದಲ್ಲಿ ಪ್ರತ್ಯೇಕ ಉತ್ಸವ, ಪ್ರಶಸ್ತಿಗಳಿವೆ. ಮಾಡಿದವರು ತಮ್ಮ ಹೆಸರು ಹೇಳಿಕೊಂಡೇ ಅಲ್ಲಿ ನಿಲ್ಲಬೇಕು.

ಇನ್ನು ಜಾತ್ರೆ. 1996ರಲ್ಲಿ ಆರಂಭವಾದ ಟೋಕಿಯೋ ಗೇಮ್ ಶೋ ಮೊದಲ ದಿನಗಳನ್ನು ವ್ಯಾಪಾರಿಗಳಿಗೂ ಕೊನೆಯ ದಿನಗಳನ್ನು ಸಾರ್ವಜನಿಕರಿಗೂ ಹಂಚಿತು. ಸಂತೆ, ಜಾತ್ರೆ ಎರಡನ್ನೂ ಒಂದೇ ಮೈದಾನದಲ್ಲಿ, ಬೇರೆ ಬೇರೆ ದಿನ. ಜರ್ಮನಿಯ ಲೈಪ್‌ಜಿಗ್ ಮಧ್ಯಯುಗದಿಂದಲೂ ಸಂತೆಯ ಊರು. 2002ರಲ್ಲಿ ಅಲ್ಲಿ ಆಟಗಳ ಮೇಳ ಶುರುವಾಯಿತು. 2009ರಲ್ಲಿ ಉದ್ಯಮ ಕಲೋನ್‌ಗೆ ಹೊರಟು ‘ಗೇಮ್ಸ್‌ಕಾಮ್’ ಆಯಿತು. 2024ರಲ್ಲಿ ಅಲ್ಲಿಗೆ ಬಂದವರು 3.35 ಲಕ್ಷ. ಯೂಟ್ಯೂಬ್‌ನಲ್ಲಿ ಎಲ್ಲವೂ ಸಿಗುವಾಗಲೂ ಇಷ್ಟು ಜನ ಯಾಕೆ ಬರುತ್ತಾರೆ? ತೇರು ಟಿವಿಯಲ್ಲಿ ಕಂಡರೂ ಜನ ಜಾತ್ರೆಗೆ ಹೋಗುತ್ತಾರಲ್ಲ, ಅದೇ ಕಾರಣಕ್ಕೆ. ಜೊತೆಗಿರುವವರನ್ನು ನೋಡುವುದೂ ಜಾತ್ರೆಯ ಒಂದು ಭಾಗ.

ಹೆಸರಿನ ಪ್ರಶ್ನೆ ಹಳೆಯದು

ಮೇಳದಲ್ಲಿ ವಸ್ತು ಕಾಣುತ್ತದೆ, ಮಾಡಿದ ಕೈ ಕಾಣುವುದಿಲ್ಲ. ಇದು ವಿಡಿಯೋ ಗೇಮ್‌ನಿಂದ ಆರಂಭವಾದದ್ದಲ್ಲ. 1851ರಲ್ಲಿ ಲಂಡನ್ನಿನ ಹೈಡ್ ಪಾರ್ಕ್‌ನಲ್ಲಿ ಗಾಜಿನ ಅರಮನೆ ಕಟ್ಟಿ ಮಹಾಪ್ರದರ್ಶನ ನಡೆಸಿದರು. 60 ಲಕ್ಷ ಭೇಟಿಗಳಾದವು. ಭಾರತದ ವಿಭಾಗವನ್ನು ಜೋಡಿಸಿದ್ದು ಈಸ್ಟ್ ಇಂಡಿಯಾ ಕಂಪನಿ. ಕೊಹಿನೂರು ಅಲ್ಲಿತ್ತು, ಬಟ್ಟೆಗಳಿದ್ದವು, ದಂತದ ಕೆಲಸವಿತ್ತು. ಫಲಕಗಳ ಮೇಲೆ ಬಹುಮಟ್ಟಿಗೆ ಇದ್ದದ್ದು ಕಳುಹಿಸಿದ ರಾಜನ, ಕಂಪನಿಯ, ಪ್ರಾಂತ್ಯದ ಹೆಸರು. ನೇಯ್ದವನದ್ದಲ್ಲ. ಆ ಗಾಜಿನ ಅರಮನೆಯ ನೆರಳು ನಮ್ಮೂರಿಗೂ ಬಿತ್ತು. 1889ರಲ್ಲಿ ಅಡಿಗಲ್ಲು ಹಾಕಿದ ಲಾಲ್‌ಬಾಗ್‌ನ ಗಾಜಿನ ಮನೆಗೆ ಅದೇ ಮಾದರಿ. ಮೈಸೂರಿನ ದಸರಾ ವಸ್ತುಪ್ರದರ್ಶನವೂ ಚಾಮರಾಜೇಂದ್ರ ಒಡೆಯರ ಕಾಲದ ಅದೇ ಗಾಳಿಯಲ್ಲಿ ಹುಟ್ಟಿದ್ದು.

ಆಟದ ಉದ್ಯಮದಲ್ಲಿ ಈ ಹೆಸರಿನ ಜಗಳ ಬೇಗನೆ ಬಂತು. 1970ರ ದಶಕದ ಕೊನೆಯಲ್ಲಿ ಅಟಾರಿ ಕಂಪನಿ ಆಟದ ಡಬ್ಬಿಯ ಮೇಲೆ ಪ್ರೋಗ್ರಾಮರ್ ಹೆಸರು ಹಾಕುತ್ತಿರಲಿಲ್ಲ. ಬೇಸತ್ತ ನಾಲ್ವರು ಹೊರಬಂದು 1979ರಲ್ಲಿ ‘ಆಕ್ಟಿವಿಷನ್’ ಕಟ್ಟಿದರು. ಅವರ ಡಬ್ಬಿಗಳ ಮೇಲೆ ವಿನ್ಯಾಸಕರ ಹೆಸರು ಬಂತು. ವಾರೆನ್ ರಾಬಿನೆಟ್ ಎಂಬಾತ ಇನ್ನೊಂದು ದಾರಿ ಹಿಡಿದ. ತಾನು ಮಾಡಿದ ‘ಅಡ್ವೆಂಚರ್’ ಆಟದೊಳಗೆ ಒಂದು ಗುಪ್ತ ಕೋಣೆ ಇಟ್ಟು, ಇದನ್ನು ಮಾಡಿದವನು ತಾನೆಂದು ಅದರೊಳಗೆ ಬರೆದ. ಕಂಪನಿಗೆ ಹೇಳಲಿಲ್ಲ. ಆತ ಕೆಲಸ ಬಿಟ್ಟ ಮೇಲೆ ಒಬ್ಬ ಹುಡುಗ ಅದನ್ನು ಪತ್ತೆ ಮಾಡಿ ಅಟಾರಿಗೆ ಪತ್ರ ಬರೆದ. ಹಳೇಬೀಡು, ಬೇಲೂರುಗಳ ಶಿಲ್ಪಿಗಳು ವಿಗ್ರಹದ ಪೀಠದಲ್ಲಿ ತಮ್ಮ ಹೆಸರು ಕೆತ್ತಿಟ್ಟದ್ದನ್ನು ನೋಡಿದ ನಮಗೆ ಈ ಕೋಣೆಯ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ಜಾಬ್ ವರ್ಕ್‌ನ ಊರು

ಈಗ ಬೆಂಗಳೂರಿಗೆ ಬರೋಣ. ‘ಜಾಬ್ ವರ್ಕ್’ ಎಂಬ ಮಾತನ್ನು ಪೀಣ್ಯದಲ್ಲಿ ಯಾರನ್ನು ಕೇಳಿದರೂ ವಿವರಿಸುತ್ತಾರೆ. ನಕ್ಷೆ ದೊಡ್ಡ ಕಂಪನಿಯದು, ಕೆಲವೊಮ್ಮೆ ಕಚ್ಚಾ ಮಾಲೂ ಅವರದೇ. ಕಡೆದು, ಕೊರೆದು, ಉಜ್ಜಿ ಕೊಡುವುದು ನಮ್ಮ ಕೆಲಸ. ಭಾಗ ಹೋಗಿ ಯಾವ ಯಂತ್ರದಲ್ಲಿ ಕೂರುತ್ತದೋ ಅದರ ಮೇಲೆ ನಮ್ಮ ಹೆಸರಿರುವುದಿಲ್ಲ. ಎಚ್‌ಎಎಲ್, ಐಟಿಐ, ಎಚ್‌ಎಂಟಿ, ಬಿಇಎಲ್‌ಗಳು ಬೆಂಗಳೂರಿನಲ್ಲಿ ನೆಲೆಯೂರಿದ ಮೇಲೆ ಅವುಗಳಿಗೆ ಬೇಕಾದ ಬಿಡಿಭಾಗಗಳನ್ನು ಮಾಡಿಕೊಡುವ ಸಾವಿರಾರು ಸಣ್ಣ ಶೆಡ್‌ಗಳು ಬೇಕಾದವು. 1970ರ ದಶಕದಿಂದ ಪೀಣ್ಯ ಬೆಳೆದದ್ದು ಹಾಗೆ. ಅದೇ ದಶಕದಲ್ಲಿ ಆರ್.ಕೆ. ಬಾಳಿಗರ ನೇತೃತ್ವದ ಕಿಯೋನಿಕ್ಸ್ ಕೋನಪ್ಪನ ಅಗ್ರಹಾರ, ದೊಡ್ಡತೋಗೂರಿನ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಬುನಾದಿ ಹಾಕಿತು. 1990ರ ದಶಕದಲ್ಲಿ ವೈಟ್‌ಫೀಲ್ಡ್‌ನ ಟೆಕ್ ಪಾರ್ಕ್ ಬಂತು. ಕಬ್ಬಿಣ ಹೋಗಿ ಕೋಡ್ ಬಂತು, ಆದರೆ ಒಪ್ಪಂದದ ಸ್ವರೂಪ ಬಹಳ ಬದಲಾಗಲಿಲ್ಲ.

ಆಟಗಳ ವಿಷಯದಲ್ಲೂ ಹೀಗೇ. 1997ರಲ್ಲಿ ರಾಜೇಶ್ ರಾವ್ ಬೆಂಗಳೂರಿನಲ್ಲಿ ‘ಧ್ರುವ ಇಂಟರಾಕ್ಟಿವ್’ ಆರಂಭಿಸಿದರು. ದೇಶದ ಮೊದಲ ಆಟ ತಯಾರಿಕಾ ಸಂಸ್ಥೆಗಳಲ್ಲಿ ಅದೊಂದು. ಫ್ರೆಂಚ್ ಕಂಪನಿ ಇನ್ಫೋಗ್ರಾಮ್ಸ್‌ಗಾಗಿ ‘ಮಿಷನ್ ಇಂಪಾಸಿಬಲ್’ ಆಟದ ಕೆಲಸ ಸಿಕ್ಕಿದ್ದು ಅವರಿಗೆ ಹೊರಲೋಕದ ಬಾಗಿಲು ತೆರೆಯಿತು. ಸ್ವಂತದ್ದೊಂದು ಬೇಕೆಂಬ ಆಸೆ ಅವರಿಗಿರಲಿಲ್ಲವೆಂದಲ್ಲ. ಮೊಬೈಲ್ ಆಟಗಳಿಗೆ ಚಾರ್ಲಿ ಚಾಪ್ಲಿನ್ ರೂಪವನ್ನು ಬಳಸುವ ಹಕ್ಕನ್ನು ಧ್ರುವ ಕೊಂಡಿತ್ತು; 2005ರಲ್ಲಿ ಥಾಮಸ್ ಫ್ರೀಡ್‌ಮನ್ ಬರೆದ ‘ದಿ ವರ್ಲ್ಡ್ ಈಸ್ ಫ್ಲ್ಯಾಟ್’ ಪುಸ್ತಕದಲ್ಲಿ ಆ ಸಂಗತಿ ಬರುತ್ತದೆ. ಆದರೆ ಸಂಬಳ ಹುಟ್ಟುತ್ತಿದ್ದದ್ದು ಬೇರೆಯವರ ಆಟಗಳಿಗೆ ಕಾರು, ಪಾತ್ರ, ಕಟ್ಟಡಗಳನ್ನು ಮಾಡಿಕೊಡುವುದರಿಂದ. 2016ರ ಕೊನೆಯಲ್ಲಿ ಸ್ವೀಡನ್ನಿನ ಸ್ಟಾರ್‌ಬ್ರೀಜ್ ಧ್ರುವವನ್ನು ಕೊಂಡಿತು. 2019ರಲ್ಲಿ ಅದು ರಾಕ್‌ಸ್ಟಾರ್‌ಗೆ ಮಾರಾಟವಾಗಿ ರಾಕ್‌ಸ್ಟಾರ್ ಇಂಡಿಯಾದೊಳಗೆ ಸೇರಿಹೋಯಿತು. 22 ವರ್ಷದ ಬೆಂಗಳೂರಿನ ಹೆಸರೊಂದು ಹೀಗೆ ಮುಗಿಯಿತು. ಕೆಲಸ ಮುಗಿಯಲಿಲ್ಲ, ಹೆಸರು ಮಾತ್ರ.

ಜಾಬ್ ವರ್ಕ್ ಕೀಳೆಂದು ನಾನು ಹೇಳುತ್ತಿಲ್ಲ. ಅದರಿಂದ ಎಷ್ಟೋ ಮನೆಗಳು ನಡೆದಿವೆ. ಕರ್ನಾಟಕ 2012ರಲ್ಲಿ ಅನಿಮೇಷನ್, ವಿಷುವಲ್ ಎಫೆಕ್ಟ್ಸ್, ಗೇಮಿಂಗ್ ಮತ್ತು ಕಾಮಿಕ್ಸ್‌ಗೆ ಪ್ರತ್ಯೇಕ ನೀತಿ ಮಾಡಿದ ದೇಶದ ಮೊದಲ ರಾಜ್ಯವಾಯಿತು. ಚಿತ್ರಕಲಾ ಶಾಲೆಗಳಲ್ಲಿ ಡಿಜಿಟಲ್ ಕಲಾ ಕೇಂದ್ರಗಳನ್ನು ತೆರೆಯುವುದು ಆ ನೀತಿಯ ಒಂದು ಒಳ್ಳೆಯ ಅಂಶ. ಗದಗ ಕಡೆಯಿಂದ ಹೀಗೆ ಚಿತ್ರಕಲೆ ಓದಿ ಬಂದ ನನ್ನ ಗೆಳತಿಯೊಬ್ಬಳು ಹೊರವರ್ತುಲ ರಸ್ತೆಯಾಚೆಯ ಒಂದು ಸ್ಟುಡಿಯೋದಲ್ಲಿ ವರ್ಷಗಟ್ಟಲೆ ಬಂಡೆಗಳನ್ನೂ ಮರದ ತೊಗಟೆಗಳನ್ನೂ ಮಾಡಿದ್ದಾಳೆ. ಕಂಪ್ಯೂಟರಿನಲ್ಲಿ. ಬಾದಾಮಿಯ ಕೆಂಪು ಕಲ್ಲನ್ನು ಕಣ್ಣಾರೆ ನೋಡಿ ಬೆಳೆದವಳಿಗೆ ಬಿಸಿಲು ಕಲ್ಲಿನ ಮೇಲೆ ಹೇಗೆ ಕೂರುತ್ತದೆಂದು ಗೊತ್ತು. ಆದರೆ ಆ ಕಲ್ಲುಗಳು ಯಾವ ಆಟಕ್ಕೆ ಹೋದವೆಂದು ಆಕೆ ಹೇಳುವಂತಿಲ್ಲ. ಗೋಪ್ಯತೆಯ ಕರಾರು, ಎಲ್ಲರೂ ಎನ್‌ಡಿಎ ಎನ್ನುವುದು, ಬಾಯಿ ಕಟ್ಟಿದೆ. “ನನ್ನ ಕಲ್ಲು ಯಾವ ಆಟದಾಗ ಐತಿ ಅಂತ ನಮ್ಮವ್ವಗೂ ಹೇಳಂಗಿಲ್ಲ ನೋಡು” ಎನ್ನುತ್ತಾಳೆ. ಆಟ ಬಿಡುಗಡೆಯಾದಾಗ ಕೊನೆಯ ಪಟ್ಟಿಯಲ್ಲಿ ಸ್ಟುಡಿಯೋದ ಹೆಸರು ಬಂದರೆ ಅದೇ ದೊಡ್ಡದು. ಕೆಲಸ ಬದಲಿಸುವಾಗ ತೋರಿಸುವುದಕ್ಕೂ ಅವಳ ಬಳಿ ಅವಳದೇ ಕಲ್ಲುಗಳಿಲ್ಲ. ಅಂತರರಾಷ್ಟ್ರೀಯ ಗೇಮ್ ಡೆವಲಪರ್‌ಗಳ ಸಂಘ ಹೆಸರು ನಮೂದಿಸುವ ಬಗ್ಗೆ ಮಾರ್ಗಸೂಚಿಗಳನ್ನು ರೂಪಿಸಿದೆ. ಪಾಲಿಸುವುದು ಬಿಡುವುದು ಕಂಪನಿಗಳ ಇಚ್ಛೆ.

ನಮ್ಮಲ್ಲಿರುವ ಮೂರು ಮೇಳಗಳು

ಹಾಗಾದರೆ ಬೆಂಗಳೂರಿನಲ್ಲಿ ಆಟಗಳ ಮೇಳವೇ ಇಲ್ಲವೇ? ಇದೆ. ಆದರೆ ಮೂರೂ ಮೂರು ದಿಕ್ಕಿಗೆ ಹಂಚಿಹೋಗಿವೆ.

ಸಂತೆಯ ಜಾಗದಲ್ಲಿರುವುದು ‘ಬೆಂಗಳೂರು ಜಿಎಎಫ್‌ಎಕ್ಸ್’. ಬೆಂಗಳೂರಿನ ಅನಿಮೇಷನ್ ಉದ್ಯಮದ ಸಂಘವಾದ ಅಬಾಯ್ ಮತ್ತು ರಾಜ್ಯ ಸರ್ಕಾರ ಸೇರಿ ನಡೆಸುವ ಸಮಾವೇಶವಿದು. ಮಂತ್ರಿಗಳು ಬರುತ್ತಾರೆ, ಹೊರದೇಶದ ಸ್ಟುಡಿಯೋಗಳ ಮುಖ್ಯಸ್ಥರು ಬರುತ್ತಾರೆ. 2024ರ ಜನವರಿಯಲ್ಲಿ ರಾಜ್ಯದ ಮೂರನೆಯ ನೀತಿ ಹೊರಬಂದದ್ದು ಇಂಥ ವೇದಿಕೆಯಲ್ಲೇ. 30,000 ಉದ್ಯೋಗಗಳ ಗುರಿ ಅದರಲ್ಲಿದೆ. ಇತ್ತೀಚಿನ ಆವೃತ್ತಿಗಳು ನಡೆದದ್ದು ಕುಮಾರಕೃಪಾ ರಸ್ತೆಯ ಪಂಚತಾರಾ ಹೋಟೆಲಿನಲ್ಲಿ. ಕೆಲಸ ನಡೆಯುವ ಹೊರವಲಯದಿಂದ ಅದು ಬಲು ದೂರ. ಸರ್ಕಾರದ ನೆರವಿನ ಉತ್ಕೃಷ್ಟತಾ ಕೇಂದ್ರ ಮಾತ್ರ 2023ರ ಜನವರಿಯಲ್ಲಿ ವೈಟ್‌ಫೀಲ್ಡ್ ದಾರಿಯ ಮಹದೇವಪುರದಲ್ಲಿ ತೆರೆಯಿತು.

ಕಮ್ಮಟ ಬೇರೆ ಊರುಗಳಿಗೆ ಹೋಯಿತು. ನಾಸ್ಕಾಂ ಆಸರೆಯಲ್ಲಿ ಹುಟ್ಟಿದ ಗೇಮ್ ಡೆವಲಪರ್‌ಗಳ ಸಮ್ಮೇಳನ ಕೆಲವು ವರ್ಷ ಪುಣೆಯಲ್ಲಿ, ಆಮೇಲೆ ಹೈದರಾಬಾದಿನಲ್ಲಿ ನಡೆಯಿತು. ಇಂಡಿಯಾ ಗೇಮ್ ಡೆವಲಪರ್ ಕಾನ್ಫರೆನ್ಸ್ ಎಂಬ ಹೆಸರಿನಲ್ಲಿ 2025ರ ನವೆಂಬರ್‌ನಲ್ಲಿ ಚೆನ್ನೈಗೆ ಹೋಯಿತು. ಬೆಂಗಳೂರಿನ ಹುಡುಗರು ರಾತ್ರಿ ಬಸ್ಸು ಹತ್ತಿ ಅಲ್ಲಿಗೆ ಹೋಗಿಬರುತ್ತಾರೆ.

ಜಾತ್ರೆ ಮಾತ್ರ ವೈಟ್‌ಫೀಲ್ಡ್‌ನಲ್ಲೇ ಇದೆ, ಅದೂ ಆಟದ ಹೆಸರಿನಲ್ಲಲ್ಲ, ಕಾಮಿಕ್ಸ್ ಹೆಸರಿನಲ್ಲಿ. ಜತಿನ್ ವರ್ಮಾ 2011ರಲ್ಲಿ ದೆಹಲಿಯಲ್ಲಿ ಕಾಮಿಕ್ ಕಾನ್ ಆರಂಭಿಸಿದಾಗ ಜೀವಮಾನದ ಸಾಧನೆಗೆ ಗೌರವ ಪಡೆದವರು ನಮ್ಮ ಕಾರ್ಕಳದ ಅನಂತ ಪೈ, ‘ಅಮರ ಚಿತ್ರಕಥೆ’ಯ ಅಂಕಲ್ ಪೈ. ಅದಾಗಿ ಕೆಲವೇ ದಿನಗಳಲ್ಲಿ ಅವರು ತೀರಿಕೊಂಡರು. 2012ರಲ್ಲಿ ಈ ಮೇಳ ಬೆಂಗಳೂರಿನ ಕೋರಮಂಗಲ ಒಳಾಂಗಣ ಕ್ರೀಡಾಂಗಣಕ್ಕೆ ಬಂತು. ಮುಂದಿನ ವರ್ಷಗಳಲ್ಲಿ ಜನ ಹಿಡಿಸದಾಗಿ ವೈಟ್‌ಫೀಲ್ಡ್‌ನ ಕೆಟಿಪಿಒ ಸಭಾಂಗಣಗಳಿಗೆ ಸ್ಥಳಾಂತರವಾಯಿತು. ರಫ್ತು ಉತ್ತೇಜನಕ್ಕೆಂದು ಬಿಟ್ಟ ಕೈಗಾರಿಕಾ ಪ್ರದೇಶದಲ್ಲಿ, ಕೇಂದ್ರದ ವ್ಯಾಪಾರ ಉತ್ತೇಜನ ಸಂಸ್ಥೆ ಮತ್ತು ರಾಜ್ಯದ ಕೆಐಎಡಿಬಿ ಕೂಡಿ ಕಟ್ಟಿದ ಪ್ರದರ್ಶನ ಮೈದಾನ ಅದು. 2024ರ ಜನವರಿಯಲ್ಲಿ ಇ-ಸ್ಪೋರ್ಟ್ಸ್ ನಡೆಸುವ ನಾಡ್ವಿನ್ ಗೇಮಿಂಗ್ ಕಂಪನಿ 55 ಕೋಟಿ ರೂಪಾಯಿಗೆ ಕಾಮಿಕ್ ಕಾನ್ ಇಂಡಿಯಾವನ್ನು ಕೊಂಡಿತು. ಕಾಮಿಕ್ಸ್ ಜಾತ್ರೆಯೊಳಗೆ ಆಟದ ಅಂಗಳ ಆಗಲೇ ದೊಡ್ಡದಾಗಿತ್ತು; ಈಗ ಜಾತ್ರೆಯ ಯಜಮಾನಿಕೆಯೂ ಆಟದವರದೇ.

2023ರ ನವೆಂಬರ್‌ನಲ್ಲಿ ನೇರಳೆ ಮೆಟ್ರೋದಲ್ಲಿ ನಾನು ಮತ್ತು ಆ ಗೆಳತಿ ಅಲ್ಲಿಗೆ ಹೋಗಿದ್ದೆವು. ಒಂದು ಸಾಲಿನಲ್ಲಿ ಕಾಮಿಕ್ಸ್ ಕಲಾವಿದರು ಪುಟ್ಟ ಮೇಜಿಟ್ಟು ಕೂತಿದ್ದರು. ಮೇಜಿನ ಮುಂದೆ ಅವರ ಹೆಸರು; ಪುಸ್ತಕ ಕೊಂಡರೆ ಸಹಿ ಹಾಕಿ, ಮೂಲೆಯಲ್ಲೊಂದು ಗೊಂಬೆ ಬರೆದು ಕೊಡುತ್ತಿದ್ದರು. ಇನ್ನೊಂದು ಕಡೆ ಆಟದ ಯಂತ್ರಗಳ ಮುಂದೆ ಉದ್ದ ಸಾಲು. ಗೆಳತಿ ಟಿಕೆಟ್ ಕೊಂಡು ಆ ಸಾಲಿನಲ್ಲಿ ನಿಂತಳು. ಮೂರು ಆಯಾಮದ ಬಂಡೆ ಮಾಡುವವಳು ಮೇಳದ ಈ ಬದಿಯಲ್ಲಿದ್ದಳು, ಎರಡು ಆಯಾಮದ ಗೊಂಬೆ ಬರೆಯುವವರು ಆ ಬದಿಯಲ್ಲಿದ್ದರು. ನಡುವೆ ಇದ್ದ ವ್ಯತ್ಯಾಸ ಪ್ರತಿಭೆಯದಲ್ಲ, ಕರಾರಿನದು.

2025ರ ಫೆಬ್ರವರಿ

ಹೆಸರು ಇಲ್ಲದಿರುವುದು ಬರೀ ಮಾನದ ಪ್ರಶ್ನೆಯಲ್ಲ, ಅನ್ನದ ಪ್ರಶ್ನೆ ಎಂಬುದು 2025ರ ಫೆಬ್ರವರಿಯ ಕೊನೆಯ ವಾರ ಎಲ್ಲರಿಗೂ ಕಂಡಿತು. ಸಿನಿಮಾ, ಜಾಹೀರಾತು, ಆಟಗಳಿಗೆ ಕಲೆಯ ಕೆಲಸ ಮಾಡಿಕೊಡುತ್ತಿದ್ದ ಟೆಕ್ನಿಕಲರ್ ಸಮೂಹ ಯುರೋಪಿನಲ್ಲಿ ಹಣಕಾಸು ಹೊಂದಿಸಲಾಗದೆ ಕುಸಿಯಿತು. ಆ ಕುಸಿತದಲ್ಲಿ ಭಾರತದ ಶಾಖೆಯೂ ಮುಚ್ಚಿತು. ಬೆಂಗಳೂರು, ಮುಂಬೈಗಳಲ್ಲಿ ಸುಮಾರು 3,000 ಮಂದಿಯ ಕೆಲಸ ಹೋಯಿತು; ಸಂಬಳದ ಬಾಕಿಗಾಗಿ ಅವರು ಅಲೆಯಬೇಕಾಯಿತು. ನಿರ್ಧಾರವಾದದ್ದು ಸಾವಿರಾರು ಮೈಲಿ ದೂರದಲ್ಲಿ. ಅದೇ ವಾರ, ಫೆಬ್ರವರಿ 27ರಂದು, ಬೆಂಗಳೂರಿನಲ್ಲಿ ಜಿಎಎಫ್‌ಎಕ್ಸ್ ಆರಂಭವಾಯಿತು.

ಇದರಲ್ಲಿ ಸಂಘಟಕರನ್ನು ದೂರುವಂಥದ್ದೇನೂ ಇಲ್ಲ. ತಿಂಗಳುಗಳ ಹಿಂದೆಯೇ ಗೊತ್ತಾದ ದಿನಾಂಕ. ನನ್ನನ್ನು ಕಾಡಿದ್ದು ಬೇರೆ. ಜಾಬ್ ವರ್ಕ್ ಮಾಡುವ ಊರಿಗೆ ಗಿರಾಕಿ ಬಿದ್ದರೆ ತಾನೂ ಬೀಳುವ ಭಯ ಸದಾ ಇರುತ್ತದೆ. ಬಿದ್ದ ಮೇಲೆ ಏಳುವುದಕ್ಕೆ ಬೇಕಾದದ್ದು ‘ಇದು ನಾನು ಮಾಡಿದ್ದು’ ಎಂದು ತೋರಿಸುವ ಅವಕಾಶ. ಮೇಳಗಳು ಕೊಡಬೇಕಾದದ್ದು ಅದನ್ನೇ.

ಪೀಣ್ಯ ಏನು ಮಾಡಿತು

ಇದಕ್ಕೊಂದು ಉದಾಹರಣೆ ತುಮಕೂರು ರಸ್ತೆಯಲ್ಲೇ ಇದೆ. ಯಂತ್ರೋಪಕರಣ ತಯಾರಕರ ರಾಷ್ಟ್ರೀಯ ಸಂಘ 1969ರಲ್ಲಿ ಮುಂಬೈಯಲ್ಲಿ ‘ಇಮ್‌ಟೆಕ್ಸ್’ ಎಂಬ ಪ್ರದರ್ಶನ ಆರಂಭಿಸಿತು. ಅದಕ್ಕೆ ಸ್ವಂತ ಮೈದಾನವಿರಲಿಲ್ಲ. ಕೊನೆಗೆ ಸಂಘವೇ ಪೀಣ್ಯದಾಚೆ, ಮಾದಾವರದಲ್ಲಿ, ಬೆಂಗಳೂರು ಅಂತರರಾಷ್ಟ್ರೀಯ ಪ್ರದರ್ಶನ ಕೇಂದ್ರವನ್ನು ಕಟ್ಟಿಸಿತು. 2007ರ ಇಮ್‌ಟೆಕ್ಸ್ ಅಲ್ಲಿ ನಡೆಯಿತು. ಅಂದಿನಿಂದ ಜಪಾನ್, ಜರ್ಮನಿ, ತೈವಾನ್‌ನವರು ಯಂತ್ರ ಹೊತ್ತು ಪೀಣ್ಯದ ಬಾಗಿಲಿಗೆ ಬರುತ್ತಾರೆ. 1979ರಲ್ಲಿ ಶುರುವಾದ ಪೀಣ್ಯದ ಏಸ್ ಡಿಸೈನರ್ಸ್‌ನಂಥ ಕಂಪನಿ ತನ್ನ ಹೆಸರಿನ ಸಿಎನ್‌ಸಿ ಲೇತ್‌ಗಳನ್ನು ಅವರ ಪಕ್ಕದಲ್ಲೇ ನಿಲ್ಲಿಸುತ್ತದೆ. ಪಕ್ಕದ ಶೆಡ್ಡಿನ ಮೇಸ್ತ್ರಿ ಬಂದು ಬಾಗಿಲು ತೆಗೆಸಿ, ಸ್ಪಿಂಡಲ್ ಮುಟ್ಟಿ ನೋಡಿ, ನೂರು ಪ್ರಶ್ನೆ ಕೇಳುತ್ತಾನೆ. ಕನ್ನಡದಲ್ಲಿ ಕೇಳುತ್ತಾನೆ, ಕನ್ನಡದಲ್ಲೇ ಉತ್ತರ ಸಿಗುತ್ತದೆ. ಸಂತೆಯೂ ಹೌದು, ಕಮ್ಮಟವೂ ಹೌದು. ಪೀಣ್ಯದಲ್ಲಿ ಇವತ್ತಿಗೂ ಹೆಚ್ಚಿನದು ಜಾಬ್ ವರ್ಕೇ, ಆದರೆ ಅದರಿಂದಾಚೆಗೆ ದಾಟುವ ದಾರಿ ಕಣ್ಣಿಗೆ ಕಾಣುವಂತಿದೆ, ನಡೆದು ಹೋಗುವಷ್ಟು ಹತ್ತಿರದಲ್ಲಿದೆ.

ಆಟದ ವಿಷಯದಲ್ಲಿ ಕರ್ನಾಟಕದ ಪರಂಪರೆಯೂ ಬಡವಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು ‘ಶ್ರೀತತ್ತ್ವನಿಧಿ’ಯ ಕೌತುಕನಿಧಿಯಲ್ಲಿ ಮಣೆ ಆಟಗಳನ್ನೂ ಗಂಜೀಫವನ್ನೂ ದಾಖಲಿಸಿಟ್ಟರು. ಅದೇ ಮೈಸೂರಿನಲ್ಲಿ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ ‘ಕ್ರೀಡಾ ಕೌಶಲ್ಯ’ ಎಂಬ ಪ್ರದರ್ಶನವನ್ನು ನಡೆಸಿಕೊಂಡು ಬಂದಿದೆ. ಅಳಗುಳಿ ಮಣೆ, ಚೌಕಾಬಾರ, ಪಗಡೆಗಳನ್ನು ಬೇರೆ ಬೇರೆ ಕಡೆಯ ಕುಶಲಕರ್ಮಿಗಳು ತಮ್ಮ ತಮ್ಮ ಶೈಲಿಯಲ್ಲಿ ಮಾಡಿದ್ದು ಅಲ್ಲಿ ಕಾಣುತ್ತದೆ. ಸಣ್ಣ ಪ್ರದರ್ಶನ, ಆದರೆ ಆಟವನ್ನು ಮಾಡಿದ ಕೈಗೆ ಅಲ್ಲಿ ಜಾಗವಿದೆ.

1998ರಲ್ಲಿ ‘ಬೆಂಗಳೂರು ಐಟಿ ಡಾಟ್ ಕಾಂ’ ಎಂದು ಆರಂಭವಾಗಿ ವರ್ಷಗಟ್ಟಲೆ ಅರಮನೆ ಆವರಣದಲ್ಲಿ ನಡೆದ ತಂತ್ರಜ್ಞಾನ ಮೇಳ, ಈಗಿನ ಬೆಂಗಳೂರು ಟೆಕ್ ಸಮ್ಮಿಟ್, 2025ರ ನವೆಂಬರ್‌ನಲ್ಲಿ ಮಾದಾವರದ ಅದೇ ಮೈದಾನಕ್ಕೆ ಬಂತು. ಲೇತ್‌ನವರು ಕಟ್ಟಿದ ಛಾವಣಿಯ ಕೆಳಗೆ ಸಾಫ್ಟ್‌ವೇರ್‌ನವರು ನಿಂತರು. ಹಸಿರು ಮೆಟ್ರೋ 2024ರ ನವೆಂಬರ್‌ನಿಂದ ಅದರ ಬಾಗಿಲಿಗೇ ಹೋಗುತ್ತದೆ. ಅತ್ತ ವೈಟ್‌ಫೀಲ್ಡ್‌ಗೆ ನೇರಳೆ ಮಾರ್ಗವಿದೆ. ಮೈದಾನ ಇದೆ, ದಾರಿ ಇದೆ, ಕೈಗಳಂತೂ ಬೇಕಾದಷ್ಟಿವೆ. ಆಟ ಹೊರಬಂದ ಇಂತಿಷ್ಟು ತಿಂಗಳ ನಂತರ ಕಲಾವಿದರು ತಮ್ಮ ಭಾಗವನ್ನು ಹೆಸರಿನೊಂದಿಗೆ ತೋರಿಸಬಹುದು ಎಂಬ ಒಂದು ಸಾಲು ಕರಾರಿನಲ್ಲಿ ಬಂದರೆ, ಸರ್ಕಾರದ ನೆರವು ಪಡೆಯುವ ಸ್ಟುಡಿಯೋಗಳಿಗಾದರೂ ಅದು ಕಡ್ಡಾಯವಾದರೆ, ಮುಂದಿನ ಯಾವುದೋ ವರ್ಷ ಕೆಟಿಪಿಒದಲ್ಲೋ ಮಾದಾವರದಲ್ಲೋ ಒಂದು ಮೇಜು ಹಾಕಬಹುದು. ಗದಗಿನಿಂದ ಅವಳ ಅವ್ವನೂ ಬಂದು ಆ ಬಂಡೆಗಳನ್ನು ನೋಡಬಹುದು.